ಓರೆಬೆಳಕಿನಲ್ಲಿ ಅಕ್ಷರ

ಹಳೆಯ ಗುಡಿಯ ಕತ್ತಲೆಯ ಮೂಲೆಯಲ್ಲಿದ್ದ ವೀರಗಲ್ಲೊಂದರ ಬರಹವನ್ನು ಮೂರು ವರ್ಷ ತರಗತಿಯಲ್ಲಿ ಓದಿಸಿದ್ದೆ. ಕ್ಯಾಮೆರಾದ ನೆತ್ತಿಯ ಫ್ಲ್ಯಾಷಿನಿಂದ ತೆಗೆದ ಚಿತ್ರವೇ ಅದಕ್ಕೆ ಆಧಾರ. ಎದುರಿನಿಂದ ಬಿದ್ದ ಬೆಳಕು ಕೊರೆದ ಗೀರಿನೊಳಗೂ ನುಗ್ಗಿ ನೆರಳನ್ನು ನುಂಗಿಬಿಡುತ್ತದೆ. ನೆರಳಿಲ್ಲದೆ ಸವೆದ ಅಕ್ಷರಕ್ಕೆ ಆಕಾರವೆಲ್ಲಿಯದು?

ಮೇಷ್ಟರ ಸಂಬಳಕ್ಕೆ ನಿಲುಕುವ ಉಪಾಯವುಂಟು: ಬೆಳಕಿನ ಪ್ರಮಾಣವನ್ನು ಕೈಯಿಂದಲೇ ಹೊಂದಿಸುವ ಸಾದಾ ಫ್ಲ್ಯಾಷ್ ಒಂದು, ರೇಡಿಯೋ ಟ್ರಿಗರಿನ ಜೋಡಿಯೊಂದು. ಕ್ಯಾಮೆರಾದ ಮೇಲಿನದು ಸಂಕೇತ ಕಳುಹಿಸುತ್ತದೆ; ಫ್ಲ್ಯಾಷಿಗೆ ತೊಡಿಸಿದುದು ಗ್ರಹಿಸುತ್ತದೆ; ನಡುವೆ ತಂತಿಯಿಲ್ಲ. (ಹಳೆಯ ಫ್ಲ್ಯಾಷ್ ಕೊಳ್ಳುವವರು ಅದರ ಟ್ರಿಗರ್ ವೋಲ್ಟೇಜನ್ನು ವಿಚಾರಿಸಲಿ, ಕೆಲವು 200 ವೋಲ್ಟನ್ನೂ ಮೀರಿ ಇಂದಿನ ಕ್ಯಾಮೆರಾಕ್ಕೆ ಮೃತ್ಯುವಾದಾವು.)

ಷಟರನ್ನು 1/125 ಸೆಕೆಂಡಿಗಿರಿಸಿ, ಶಿಷ್ಯನೊಬ್ಬನಿಂದ ಬೆಳಕನ್ನು ಕಲ್ಲಿನ ಮೈ ಸವರುವಂತೆ ಪಕ್ಕದಿಂದ ಹಾಯಿಸಿದೆ. ಅಕ್ಷರದ ತಲೆಯ ಮೇಲೆ ಕೂದಲೆಳೆಯಷ್ಟು ನೆರಳು ಮೂಡಿತು. ನಾನು ‘ಪ’ ಎಂದು ಓದಿದ್ದುದು ‘ವ’.

“ಹಾಗಾದರೆ ನಮ್ಮ ಟಿಪ್ಪಣಿ, ಸರ್?” ಎಂದ ಶಿಷ್ಯ.

“ತಿದ್ದಿಕೊಳ್ಳಪ್ಪ” ಎಂದೆ.