ಪರದೆಯಲ್ಲಿ ಚಿಕಿತ್ಸೆ ಸರಿ, ಪ್ರಯೋಗ?

ಫೋನಿನಲ್ಲೇ ರೋಗಿಯ ಮಾತು ಕೇಳಿ ಔಷಧಿ ಬರೆದುಕೊಡುವ ವೈದ್ಯರೂ, ಹೊಸ ಔಷಧಿಯ ಪ್ರಯೋಗವನ್ನು ಹೀಗೇ ನಡೆಸೋಣವೇ ಎಂದರೆ ಹಿಂದೆಮುಂದೆ ನೋಡುತ್ತಾರೆ. ಇದು ಕಂಪ್ಯೂಟರಿನ ಅಂಜಿಕೆ ಅಲ್ಲ, ಹೊಣೆಯ ಲೆಕ್ಕಾಚಾರ.

2019ರ ನಿಯಮಗಳಂತೆ ಭಾರತದಲ್ಲಿ ಔಷಧ ಪ್ರಯೋಗಕ್ಕೆ ಸೇರಿದವರಿಗೆ ಗಂಭೀರ ತೊಂದರೆಯಾದರೆ ಸಂಶೋಧಕ ವೈದ್ಯರು 24 ಗಂಟೆಯೊಳಗೆ ವರದಿ ಮಾಡಬೇಕು. ವೈದ್ಯರು ಬೆಂಗಳೂರಿನಲ್ಲಿ, ರೋಗಿ ಕಲಬುರಗಿಯಲ್ಲಿ. ನಡುರಾತ್ರಿ ಆತ ಊರಿನ ನರ್ಸಿಂಗ್ ಹೋಮ್ ಸೇರಿದರೆ ಇವರಿಗೆ ತಿಳಿಸುವವರು ಯಾರು? ಲಾಕ್‌ಡೌನ್ ಶುರುವಾದ 2020ರ ಮಾರ್ಚ್ 25ರಂದೇ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು, ನಿಜ. ಆದರೆ ಸಂಶೋಧನೆ ತನ್ನ ವ್ಯಾಪ್ತಿಗೆ ಸೇರಿಲ್ಲ ಎಂದು ಅದೇ ಹೇಳಿಬಿಟ್ಟಿತು.

ಎರಡನೆಯ ಅನುಮಾನ ಅಳತೆಯದು. ಪಾರ್ಕಿನ್ಸನ್ ರೋಗಿ ಬೆರಳು ತಟ್ಟುವುದನ್ನು ವಿಡಿಯೋದಲ್ಲಿ ನೋಡಿ ಅಂಕ ಕೊಡಬಹುದು. ತೋಳಿನ ಬಿಗಿತ ತಿಳಿಯಬೇಕಾದರೆ ತೋಳನ್ನು ಹಿಡಿದು ಮಡಿಸಿಯೇ ನೋಡಬೇಕು. ಹಿಂದಿನಿಂದ ಭುಜ ಎಳೆದು, ರೋಗಿ ಸಮತೋಲ ತಪ್ಪುತ್ತಾನೆಯೇ ಎಂದು ನೋಡುವ ಪರೀಕ್ಷೆಯೂ ಅಷ್ಟೇ. ಮಾತೇ ಮುಖ್ಯವಾದ ಮನೋವೈದ್ಯರಿಗೆ ಈ ತೊಡಕು ಕಡಿಮೆ. ಹಾಗಾಗಿ ‘ವೈದ್ಯರ ಅಭಿಪ್ರಾಯ’ ಎಂದು ಒಂದೇ ಉಸಿರಿನಲ್ಲಿ ಹೇಳುವ ಸಮೀಕ್ಷೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ನಡೆದ ಪ್ರಯೋಗಗಳೂ ಎರಡೂ ಕಡೆಗೆ ಸಾಕ್ಷಿ ಹೇಳುತ್ತವೆ. 2011ರಲ್ಲಿ ಫೈಜರ್ ಕಂಪನಿ ಅಮೆರಿಕದಲ್ಲಿ ಪದೇಪದೇ ಮೂತ್ರಕ್ಕೆ ಅವಸರವಾಗುವ ತೊಂದರೆಯ ಔಷಧಿಯೊಂದನ್ನು ಪೂರ್ತಿ ಅಂತರ್ಜಾಲದ ಮೂಲಕವೇ ಪರೀಕ್ಷಿಸಹೊರಟಿತು. ನೂರಾರು ಜನರನ್ನು ನಿರೀಕ್ಷಿಸಿದ್ದ ಆ ಪ್ರಯೋಗದಲ್ಲಿ ಔಷಧಿ ಹಂಚಿಕೆಯ ಹಂತ ಮುಟ್ಟಿದವರು ಬರೀ 18 ಮಂದಿ. ಕೋವಿಡ್ ಕಾಲದಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದವರು 821 ಜನರಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಅಥವಾ ಹುಸಿಗುಳಿಗೆಯನ್ನು ಮನೆಗೇ ಕಳಿಸಿ, ಅದು ಸೋಂಕು ತಡೆಯದು ಎಂದು ಕೆಲವೇ ತಿಂಗಳಲ್ಲಿ ತೋರಿಸಿದರು. ಆ ವೇಗವನ್ನು ಮೆಚ್ಚಲೇಬೇಕು. ಆದರೆ ರೋಗ ಬಂತೆಂದು ಲೆಕ್ಕಕ್ಕೆ ಸೇರಿಸಿದ ಬಹುಪಾಲು ಮಂದಿಗೆ ಲ್ಯಾಬ್ ಪರೀಕ್ಷೆಯೇ ಆಗಿರಲಿಲ್ಲ, ಅವರು ಹೇಳಿದ ಲಕ್ಷಣಗಳೇ ಆಧಾರ.

ಆಸ್ಪಿರಿನ್‌ನ 81 ಮತ್ತು 325 ಮಿಲಿಗ್ರಾಂ ಡೋಸ್‌ಗಳನ್ನು ಹೋಲಿಸಿದ ಅಡಾಪ್ಟಬಲ್ ಪ್ರಯೋಗ ಇನ್ನೂ ಸ್ವಾರಸ್ಯದ್ದು. 15,076 ಹೃದ್ರೋಗಿಗಳಲ್ಲಿ ಬಹುಪಾಲು ಮಂದಿ ವೆಬ್ ಪೋರ್ಟಲ್ ಮೂಲಕ ತಮ್ಮ ಸ್ಥಿತಿ ತಿಳಿಸುತ್ತಿದ್ದರು. ಹೆಚ್ಚಿನ ಡೋಸ್ ಪಡೆದವರಲ್ಲಿ ಶೇ 41.6ರಷ್ಟು ಮಂದಿ ನಡುವೆ ಡೋಸ್ ಬದಲಿಸಿಕೊಂಡರು. ದಶಕಗಳಿಂದ ಗುಣದೋಷ ಗೊತ್ತಿರುವ ಮಾತ್ರೆಯಾದ್ದರಿಂದ ಇದು ಅಂಕಿಅಂಶದ ತಲೆನೋವಾಯಿತೇ ಹೊರತು ಜೀವಕ್ಕೆ ಕುತ್ತಾಗಲಿಲ್ಲ. ಮನುಷ್ಯರ ಮೇಲೆ ಮೊದಲ ಸಲ ಪರೀಕ್ಷಿಸುವ ಔಷಧಿಗೆ ಈ ಸಡಿಲ ಸಲ್ಲದು. ವೈದ್ಯರ ಹಿಂಜರಿಕೆ ಇಲ್ಲಿ ಪೂರ್ತಿ ನ್ಯಾಯವಾದದ್ದು.

ಹಳೆಯ ಔಷಧಿಗಳ ವಿಷಯದಲ್ಲಿ ಮಾತ್ರ ಅದೇ ಹಟ ಹಿಡಿದರೆ ನಷ್ಟ ದೂರದ ಊರಿನವರಿಗೆ. ಬಸ್ಸಿನ ದುಡ್ಡು, ಕೂಲಿ ಎರಡೂ ಕಳೆದುಕೊಂಡು ತಿಂಗಳಿಗೊಮ್ಮೆ ಬರಲಾರದವರು ಪ್ರಯೋಗದಿಂದಲೇ ಹೊರಗುಳಿಯುತ್ತಾರೆ. ಮೊದಲ ಭೇಟಿ ಆಸ್ಪತ್ರೆಯಲ್ಲಿ, ಮುಂದಿನವು ಫೋನಿನಲ್ಲಿ, ಬಿಪಿ ನೋಡಿ ರಕ್ತ ತೆಗೆಯುವುದು ಊರಿನ ವೈದ್ಯರ ಬಳಿ ಎಂಬ ಮಿಶ್ರ ವ್ಯವಸ್ಥೆ ಇದಕ್ಕೊಂದು ದಾರಿ. ಆಗ ಊರಿನ ವೈದ್ಯರೂ ಸಂಶೋಧಕರೇ? ನಿತ್ಯದ ಚಿಕಿತ್ಸೆಯಲ್ಲಿ ಮಾಡುವುದನ್ನಷ್ಟೇ ಮಾಡಿದರೆ ಅಲ್ಲ ಎನ್ನುತ್ತದೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ. ಮೇಲ್ವಿಚಾರಣೆಯ ಹೊಣೆ ಮುಖ್ಯ ಸಂಶೋಧಕರಲ್ಲೇ ಉಳಿಯುತ್ತದೆ.