ಉದ್ಯೋಗಕ್ಕೆ ಮರಳುವ ತಾಯಿಯೂ ಮೊಲೆಯುಣ್ಣುವ ಕೂಸೂ

ನಮ್ಮ ನೆರೆಮನೆಯ ತರುಣಿಯೊಬ್ಬಳು ಖಾಸಗಿ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಚೊಚ್ಚಲ ಹೆರಿಗೆಯ ರಜೆಗೆ ತನ್ನ ಗಳಿಕೆಯ ರಜೆಯನ್ನೂ ಸೇರಿಸಿಕೊಂಡು, ಕೂಸಿಗೆ ಆರೂವರೆ ತಿಂಗಳಾಗುವವರೆಗೆ ಹೇಗೋ ಮನೆಯಲ್ಲಿದ್ದಳು. ಸೋಮವಾರ ಕೆಲಸಕ್ಕೆ ಹಾಜರಾಗಬೇಕಾಗಿದ್ದಿತು. ಶುಕ್ರವಾರ ಮನೆಯ ಹಿರಿಯರು ಕೂಡಿ, ಹಗಲೆಲ್ಲ ತಾಯಿ ಇರದ ಮೇಲೆ ಕೂಸು ಮೊಲೆಯನ್ನು ಮರೆಯುವುದೇ ಲೇಸೆಂದು ತೀರ್ಮಾನಿಸಿದರು. ಅಂದೇ ಬೇವಿನೆಲೆಯನ್ನು ಅರೆದು ಹಚ್ಚಿದ್ದಾಯಿತು. ಹಾಲು ಇಂಗಲೆಂದು ಎದೆಗೆ ಮಲ್ಲಿಗೆಯ ದಂಡೆಯನ್ನು ಕಟ್ಟಿದ್ದಾಯಿತು. ಅಂಗಡಿಯಿಂದ ಹಾಲಿನ ಪುಡಿಯೂ ಸೀಸೆಯೂ ಬಂದುವು. ಶನಿವಾರ ಭಾನುವಾರಗಳಲ್ಲಿ ಆ ಮನೆಯಿಂದ ಕೇಳಿಬಂದ ಅಳುವನ್ನು ನಾವು ಇನ್ನೂ ಮರೆತಿಲ್ಲ. ಕೂಸು ಸೀಸೆಯನ್ನು ನಾಲಗೆಯಿಂದ ನೂಕಿತು. ತಾಯಿಯ ಎದೆ ಕಲ್ಲಿನಂತೆ ಕಟ್ಟಿಕೊಂಡಿತು. ಸೋಮವಾರ ಬೆಳಗ್ಗೆ ಆಕೆ ಚಳಿಜ್ವರದಿಂದ ನಡುಗುತ್ತ, ಸೆರಗನ್ನು ಎರಡು ಸುತ್ತು ಹೊದ್ದು, ಬಸ್ಸಿಗಾಗಿ ನಿಂತಿದ್ದಳು.

ಆ ಮನೆಯಲ್ಲಿ ಯಾರೊಬ್ಬರಿಗೂ ಕೂಸಿನ ಮೇಲೆ ಅಕ್ಕರೆ ಕಡಮೆಯಿರಲಿಲ್ಲ. ಕೆಲಸಕ್ಕೆ ಹೋಗುವುದೆಂದರೆ ಮೊಲೆ ಬಿಡಿಸುವುದೆಂಬ ತಿಳಿವಳಿಕೆಯೊಂದೇ ಇಷ್ಟು ಸಂಕಟಕ್ಕೆ ಕಾರಣವಾಯಿತು. ಇದು ಬಹು ಮನೆಗಳಲ್ಲಿರುವ ತಿಳಿವಳಿಕೆಯಾದುದರಿಂದಲೇ ನಾವು ಈ ವಿಷಯವನ್ನು ಎತ್ತಿಕೊಂಡಿದ್ದೇವೆ. ಉದ್ಯೋಗಕ್ಕೆ ಹೊರಟವಳು ಬಿಡಿಸಬೇಕಾದುದು ಹಗಲಿನ ಎರಡು ಮೂರು ಊಡಿಕೆಗಳನ್ನೇ ಹೊರತು ಮೊಲೆಯನ್ನಲ್ಲ. ಬೆಳಗಿನದೂ ಸಂಜೆಯದೂ ರಾತ್ರಿಯದೂ ಹಾಗೆಯೇ ನಡೆಯಬಹುದು. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ಅಲ್ಲಿಂದ ಮುಂದೆ ಬೇರೆ ಆಹಾರದೊಡನೆ ಎರಡು ವರ್ಷದವರೆಗೂ ಅದಕ್ಕೂ ಮೇಲೆಯೂ ಮೊಲೆಯೂಡಿಸಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಹಾಲು ಎದೆಯಲ್ಲಿ ಊರುವ ಬಗೆಯನ್ನು ತಿಳಿದರೆ ಉಳಿದುದೆಲ್ಲ ಸುಲಭವಾಗುವುದು. ಎದೆ ಬರಿದಾದಷ್ಟೂ ಹಾಲು ಊರುವುದು. ತುಂಬಿ ನಿಂತರೆ ಊರುವುದು ತಾನಾಗಿಯೇ ತಗ್ಗುವುದು. ಹಾಲನ್ನು ಉಂಟುಮಾಡುವ ರಸವು ರಕ್ತದಲ್ಲಿ ಹಗಲಿಗಿಂತ ರಾತ್ರಿ ಹೆಚ್ಚಾಗಿರುವುದರಿಂದ ರಾತ್ರಿಯ ಊಡಿಕೆಯೇ ಹಾಲನ್ನು ಉಳಿಸಿಕೊಡುವ ಮುಖ್ಯ ಆಧಾರ. ಒಮ್ಮೆಗೇ ಎಲ್ಲವನ್ನೂ ನಿಲ್ಲಿಸಿದರೆ ತಗ್ಗುವಷ್ಟು ಸಮಯವೇ ದೊರೆಯದೆ ಹಾಲು ಕಟ್ಟಿ, ಬಾವೆದ್ದು, ಜ್ವರ ಬರುವುದು. ಹಾಗೆ ಬಂದಾಗ ಮೊಲೆಯೂಡುವುದನ್ನು ನಿಲ್ಲಿಸಬಾರದು. ಆ ಎದೆಯ ಹಾಲಿನಿಂದ ಕೂಸಿಗೆ ಕೇಡಿಲ್ಲ. ಕೂಸು ಕುಡಿದಷ್ಟೂ ತಾಯಿಗೆ ಹಗುರ. ಒಂದು ದಿನದಲ್ಲಿ ಜ್ವರ ಇಳಿಯದಿದ್ದರೆ ವೈದ್ಯರನ್ನು ಕಾಣಲೇಬೇಕು.

ಮಲ್ಲಿಗೆಯ ವಿಚಾರದಲ್ಲಿ ಒಂದು ಮಾತು. ಅದು ಬರಿಯ ಮೂಢನಂಬಿಕೆಯೆಂದು ನಗುವವರಿದ್ದಾರೆ, ನಾವು ನಗಲಾರೆವು. ಎದೆಗೆ ಕಟ್ಟಿದ ಮಲ್ಲಿಗೆಯನ್ನು ಹಾಲಿಂಗಿಸುವ ಇಂಗ್ಲಿಷ್ ಔಷಧಿಯೊಡನೆ ಹೋಲಿಸಿ ಪರೀಕ್ಷಿಸಿದ ವೈದ್ಯರು, ಎದೆಯ ಬಿಗಿತ ಮತ್ತು ಹಾಲಿನ ಇಳಿತದ ಮಟ್ಟಿಗೆ ಎರಡೂ ಸರಿಸಮವೆಂದು 1988ರಲ್ಲಿ ಪ್ರಕಟಿಸಿದರು. ಅಜ್ಜಿಯರ ಮದ್ದು ನಿಜವಾದ ಮದ್ದೇ. ಆದಕಾರಣವೇ, ಬೆಳಗ್ಗೆ ಸಂಜೆ ಮೊಲೆಯೂಡಬೇಕೆಂದಿರುವ ತಾಯಿ ಅದನ್ನು ಕಟ್ಟಿಕೊಳ್ಳಲಾಗದು, ಮಲ್ಲಿಗೆಯನ್ನು ಮುಡಿದುಕೊಳ್ಳಲಿ.

ಇನ್ನು ಕಾಲದ ಲೆಕ್ಕ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಇಬ್ಬರು ಮಕ್ಕಳಿರುವವಳಿಗೆ ಮುಂದಿನ ಹೆರಿಗೆಗೆ 12 ವಾರ ಮಾತ್ರ. 26 ವಾರವೆಂದರೆ ಆರು ತಿಂಗಳೆಂದು ಎಣಿಸಿ ನಿಶ್ಚಿಂತರಾಗುವವರು ಒಂದನ್ನು ಮರೆಯುತ್ತಾರೆ. ಅದರಲ್ಲಿ ಎಂಟು ವಾರವನ್ನು ಹೆರಿಗೆಗೆ ಮುಂಚೆಯೇ ತೆಗೆದುಕೊಂಡವಳಿಗೆ ಬಳಿಕ ಉಳಿಯುವುದು 18 ವಾರ; ಆಗ ಕೂಸಿಗೆ ನಾಲ್ಕು ತಿಂಗಳು ತುಂಬಿ ಕೆಲವೇ ದಿನ. ಅಂತಹ ಎಳೆಯ ಕೂಸಿಗೆ ಸರಿಯೂ ಇಲ್ಲ, ಹಣ್ಣೂ ಇಲ್ಲ. ಹಿಂಡಿಟ್ಟ ತಾಯಿಯ ಹಾಲನ್ನೇ ಕೊಡಬೇಕು. ಅದು ಸಾಲದಾದರೆ ಪುಡಿಹಾಲಿನ ವಿಚಾರವನ್ನು ವೈದ್ಯರು ಹೇಳಬೇಕು. ಹಾಲಿನ ಪುಡಿಯನ್ನೂ ಸೀಸೆಯನ್ನೂ ಕುರಿತ ಜಾಹೀರಾತನ್ನು 1992ರ ಕಾಯಿದೆಯು ನಿಷೇಧಿಸಿದೆಯಾದರೂ, ಬಂಧುಗಳ ಬಾಯಿಯ ಜಾಹೀರಾತನ್ನು ಯಾವ ಕಾಯಿದೆ ತಡೆದೀತು?

ಸಿದ್ಧತೆಯು ಕೆಲಸಕ್ಕೆ ಸೇರುವ ಮೂರು ನಾಲ್ಕು ವಾರಗಳ ಮುಂಚೆ ಮೊದಲಾಗಬೇಕು. ಕೂಸು ಅಷ್ಟಾಗಿ ಆಸೆಪಡದ ಊಡಿಕೆಯನ್ನು ಮೊದಲು ಆರಿಸಿಕೊಳ್ಳಬೇಕು. ಸಾಮಾನ್ಯವಾಗಿ ಅದು ನಡುಹಗಲಿನದು. ಆ ಹೊತ್ತಿಗೆ ತಾಯಿ ಎದುರಿಗಿರದೆ, ಕೂಸನ್ನು ಮುಂದೆ ನೋಡಿಕೊಳ್ಳುವವರೇ ಹಿಂಡಿದ ಹಾಲನ್ನು ಕುಡಿಸಬೇಕು. ತಾಯಿಯ ಮೈಯ ವಾಸನೆಯನ್ನು ಕೂಸು ಬಲ್ಲುದು. ಆಕೆ ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತರೂ ಬೇರೆಯವರ ಕೈಯಿಂದ ಕುಡಿಯಲೊಲ್ಲದು. ನಾಲ್ಕೈದು ದಿನ ಇದು ಸಾಗಿದ ಮೇಲೆಯೇ ಎರಡನೆಯ ಊಡಿಕೆಗೆ ಕೈಹಾಕಬೇಕು. ನಡುವೆ ಕೂಸಿಗೆ ಜ್ವರವೋ ಭೇದಿಯೋ ಬಂದರೆ ಅಲ್ಲಿಗೇ ನಿಲ್ಲಿಸಿ, ಗುಣವಾದ ಬಳಿಕ ಮುಂದುವರಿಯಬೇಕು.

ಕುಡಿಸುವುದಕ್ಕೆ ಸೀಸೆಯೇ ಬೇಕೆಂದಿಲ್ಲ. ನಮ್ಮ ಅಜ್ಜಿಯರ ಒಳಲೆ ಎಷ್ಟೋ ಮನೆಗಳಲ್ಲಿ ಬೀರುವಿನ ಮೂಲೆ ಸೇರಿದೆ. ಅದನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದರೆ ಸಂದುಗೊಂದಿಲ್ಲದೆ ಶುಚಿಯಾಗುವುದು. ಸೀಸೆಯ ರಬ್ಬರಿನ ತೊಟ್ಟಿನೊಳಗೆ ಹಳಸಿದ ಹಾಲು ಎಲ್ಲಿ ಅಡಗಿತೋ ಕಾಣದು. ಅಲ್ಲದೆ ಸೀಸೆಯನ್ನು ಚೀಪುವ ರೂಢಿಯಾದ ಕೆಲವು ಕೂಸುಗಳು ಮೊಲೆಯನ್ನು ಹಿಡಿಯಲೊಲ್ಲವು. ಒಳಲೆಯಲ್ಲಿ ಕುಡಿಸುವಾಗ ಕೂಸನ್ನು ಮಲಗಿಸಿ ಗಂಟಲಿಗೆ ಸುರಿಯಬಾರದು. ತೊಡೆಯ ಮೇಲೆ ತುಸು ನೆಟ್ಟಗೆ ಕೂರಿಸಿ, ತುಟಿಗೆ ತಾಗಿಸಿ, ಅದು ನುಂಗುವುದನ್ನು ನೋಡಿಕೊಂಡು ಕೊಡಬೇಕು.

ಹಾಲು ಹಿಂಡುವ ಕೈ ಶುದ್ಧವಾಗಿರಬೇಕು, ಮುಚ್ಚಳವಿರುವ ಸ್ಟೀಲಿನ ಪಾತ್ರೆ ಕುದಿಸಿದುದಾಗಿರಬೇಕು. ಹೆಬ್ಬೆರಳನ್ನೂ ತೋರುಬೆರಳನ್ನೂ ತೊಟ್ಟಿನ ಮೇಲಲ್ಲ, ಸುತ್ತಣ ಕಪ್ಪು ಭಾಗದ ಹಿಂದಿಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ ಬಳಿಕ ಬೆರಳುಗಳನ್ನು ಕೂಡಿಸಬೇಕು. ಮೊದಲ ದಿನ ನಾಲ್ಕು ಚಮಚ ಬಂದರೆ ಅದೇ ಹೆಚ್ಚು, ಯಾರೂ ಎದೆಗುಂದಬೇಕಾಗಿಲ್ಲ. ಹಿಂಡಿದ ಹಾಲು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ ಕೆಡದು. ನಮ್ಮ ಬೇಸಗೆಯಲ್ಲಿ ಅಷ್ಟನ್ನೂ ನಂಬಲಾಗದು. ಫ್ರಿಜ್ಜಿನ ಒಳಮೂಲೆಯಲ್ಲಿ ಒಂದು ದಿನ ನಿಶ್ಚಿಂತೆಯಿಂದ ಇಡಬಹುದು. ಕೊಡುವಾಗ ಪಾತ್ರೆಯನ್ನು ಬಿಸಿನೀರಿನಲ್ಲಿ ನಿಲ್ಲಿಸಿದರೆ ಸಾಕು. ಒಲೆಯ ಮೇಲೆ ಕಾಯಿಸಬಾರದು. ಮೇಲೆ ಕೆನೆ ಬೇರೆಯಾದುದನ್ನು ಕಂಡು ಒಡೆಯಿತೆಂದು ಚೆಲ್ಲಿದವರನ್ನು ನಾವು ನೋಡಿದ್ದೇವೆ. ಮೆಲ್ಲಗೆ ಅಲುಗಿಸಿದರೆ ಕೂಡಿಕೊಳ್ಳುವುದು.

ಆರು ತಿಂಗಳು ತುಂಬಿದ ಕೂಸಿಗೆ ರಾಗಿಯ ಸರಿಗಿಂತ ಉತ್ತಮವಾದುದನ್ನು ನಾವು ಕಾಣೆವು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸುವುದನ್ನು ನಮ್ಮವರಿಗೆ ಕಲಿಸಬೇಕಾಗಿಲ್ಲ. ಮೊಳೆತ ಕಾಳಿನಲ್ಲಿ ಹುಟ್ಟುವ ಸತ್ತ್ವವೊಂದು ಹಿಟ್ಟಿನ ಅಂಟನ್ನು ಕರಗಿಸುವುದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿದು, ಪುಟ್ಟ ಹೊಟ್ಟೆಗೆ ಹೆಚ್ಚು ಪುಷ್ಟಿ ಸೇರುವುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ತ್ವವಿರುವುದು. ಮೊದಲಲ್ಲಿ ಎರಡು ಮೂರು ಚಮಚ. ಚಮಚದಿಂದ ನೀರಿನಂತೆ ಸುರಿಯದಷ್ಟು ಗಟ್ಟಿ. ಬೇಳೆಯ ಬರಿಯ ಕಟ್ಟನ್ನು ಕುಡಿಸಿ ಬೇಳೆಯನ್ನು ತಾವು ಉಣ್ಣುವ ಪದ್ಧತಿಯನ್ನು ಬಿಟ್ಟು, ಬೇಳೆಯನ್ನೇ ಮಸೆದು ಕೊಡಬೇಕು. ಒಂದು ವರ್ಷದವರೆಗೆ ಜೇನು ಸರ್ವಥಾ ಬೇಡ. ಹಸುವಿನ ಹಾಲನ್ನು ಮುಖ್ಯ ಪಾನವಾಗಿಯೂ ಕೊಡಬಾರದು.

ಕೆಲಸದ ಜಾಗದಲ್ಲಿ ತಾಯಿಗೆ ಸಲ್ಲಬೇಕಾದುದೂ ಉಂಟು. ಮಗುವಿಗೆ 15 ತಿಂಗಳಾಗುವವರೆಗೆ, ವಿಶ್ರಾಂತಿಯ ಬಿಡುವಲ್ಲದೆ, ಮೊಲೆಯೂಡಿಸಲು ದಿನಕ್ಕೆ ಎರಡು ಬಿಡುವುಗಳನ್ನು ಕಾಯಿದೆ ಕೊಟ್ಟಿದೆ. 50 ಮಂದಿ ಕೆಲಸಮಾಡುವ ಕಡೆ ಶಿಶುವಿಹಾರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿಬರಬಹುದು. ಕೇಳುವುದಕ್ಕೆ ನಾಚುವವರೇ ಹೆಚ್ಚು. ಮನೆಗೆಲಸದವಳಿಗೂ ಕೂಲಿಯವಳಿಗೂ ಈ ಕಾಯಿದೆಯ ನೆರಳು ತಲಪುವುದು ಅಪರೂಪ. ಉದ್ಯೋಗಖಾತರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ರಾಜ್ಯ ಸರಕಾರ 2023ರಲ್ಲಿ ಸಾರಿತು, ಅಂತಹ ಮನೆ ತಮ್ಮ ಊರಿನಲ್ಲಿದೆಯೇ ಎಂದು ವಿಚಾರಿಸಿ, ಅರಿಯದವರಿಗೆ ತಿಳಿಸುವುದು ಓದುಬಲ್ಲ ಸೋದರಿಯರಿಗೆ ಕಷ್ಟವಲ್ಲ.

ಆ ಸೋಮವಾರ ಸಂಜೆ ನಾವು ನೆರೆಮನೆಗೆ ಹೋದೆವು. ವೈದ್ಯೆಯ ಮಾತಿನಂತೆ ಕೂಸನ್ನು ಆಗಲೇ ಮೊಲೆಗೆ ಹಾಕಿದ್ದರು. ಅತ್ತೆಯವರು ಸಪ್ಪೆ ಮುಖದಿಂದ, “ನಾನು ಐವರಿಗೂ ಬೇವು ಹಚ್ಚಿಯೇ ಬಿಡಿಸಿದವಳಲ್ಲವೇ ತಾಯಿ? ಆಗ ಹೀಗಾಗಲಿಲ್ಲ,” ಎಂದರು.

“ಆಗ ಮಕ್ಕಳಿಗೆ ಎಷ್ಟು ವಯಸ್ಸಾಗಿತ್ತಮ್ಮಾ?” ಎಂದು ಕೇಳಿದೆವು.

“ಎರಡೆರಡು ವರ್ಷ. ಅನ್ನ ಸಾರು ಉಣ್ಣುತ್ತಿದ್ದವು,” ಎಂದವರು ಅಲ್ಲಿಗೇ ಮಾತು ನಿಲ್ಲಿಸಿ, ಸೊಸೆಯ ಕಡೆ ನೋಡಿ, ಒಳಗೆದ್ದು ಹೋದರು. ಹಿಂತಿರುಗಿದಾಗ ಕೈಯಲ್ಲಿ ಹುಣಿಸೆಹಣ್ಣಿನಿಂದ ಬೆಳಗಿದ ಬೆಳ್ಳಿಯ ಒಳಲೆಯಿದ್ದಿತು.

ಮರುದಿನದಿಂದ ಕುಡಿಸುವ ಕೆಲಸವನ್ನು ಅವರೇ ವಹಿಸಿಕೊಂಡರು. ಮೊದಲ ವಾರ ಹಾಲೆಲ್ಲ ಅವರ ಸೀರೆಯ ಮೇಲೆಯೇ ಬಿದ್ದಿತು. ಮೂರನೆಯ ವಾರಕ್ಕೆ ಕೂಸು ಒಳಲೆಯನ್ನು ಕಂಡರೆ ಬಾಯಿ ತೆರೆಯುವುದನ್ನು ಕಲಿತಿದ್ದಿತು. ಆದರೆ ಹಗಲಿನದನ್ನು ರಾತ್ರಿ ಬಡ್ಡಿಸಹಿತ ವಸೂಲುಮಾಡತೊಡಗಿದುದರಿಂದ ತಾಯಿಗೆ ನಿದ್ರೆ ಸಾಲದು. ಕೆಲಸಕ್ಕೆ ಮರಳಿದವರ ಕೂಸುಗಳಲ್ಲಿ ಇದು ಸಾಮಾನ್ಯ. ಈಗ ಆ ಮನೆಯಲ್ಲಿ ಬೆಳಗಿನ ಅಡಿಗೆಯನ್ನು ಗಂಡನೇ ಮಾಡುತ್ತಿದ್ದಾನೆ. ಸಾರಿಗೆ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಡಮೆ. ಸಂಜೆ ಐದಕ್ಕೆ ಉಪಾಧ್ಯಾಯಿನಿ ಬಂದು, ಕೈಕಾಲು ತೊಳೆದು, ತಿದ್ದಬೇಕಾದ ಪುಸ್ತಕಗಳ ಚೀಲವನ್ನು ಕಿಟಕಿಯ ಮೇಲಿಟ್ಟು, ಗೋಡೆಗೊರಗಿ ಕುಳಿತುಕೊಳ್ಳುತ್ತಾಳೆ.