ಖಾಲಿ ಸ್ಥಾನವೇ ದಾರಿ: ಜರ್ಕೋನಿಯಾದಲ್ಲಿ ಅಯಾನುಗಳ ಚಲನೆಯನ್ನು ಬೋಧಿಸುವುದು

‘ಸ್ಫಟಿಕ ದೋಷಗಳು’ ಪಾಠದಲ್ಲಿ ವಿದ್ಯಾರ್ಥಿಗಳನ್ನು ಮೊದಲು ದಾರಿ ತಪ್ಪಿಸುವುದು ‘ದೋಷ’ ಎಂಬ ಪದವೇ. ದೋಷವೆಂದರೆ ಕಳಪೆ ಎಂದೇ ಅವರ ಎಣಿಕೆ. ಆದರೆ ಯಾವ ಕೊರತೆಯೂ ಇಲ್ಲದ ಆಕ್ಸೈಡ್ ಸ್ಫಟಿಕದಲ್ಲಿ ಅಯಾನುಗಳು ತಮ್ಮ ಸ್ಥಾನದಲ್ಲೇ ಕಂಪಿಸುತ್ತಿರುತ್ತವೆ. ಅಕ್ಕಪಕ್ಕದ ಸ್ಥಾನಗಳೆಲ್ಲ ಭರ್ತಿಯಾಗಿರುವಾಗ ಅವು ಹೋಗುವುದಾದರೂ ಎಲ್ಲಿಗೆ?

ಜರ್ಕೋನಿಯಂ ಡೈಆಕ್ಸೈಡ್, ಅಂದರೆ ಜರ್ಕೋನಿಯಾ, ಇದಕ್ಕೆ ಒಳ್ಳೆಯ ಉದಾಹರಣೆ. ಇದಕ್ಕೆ ಸುಮಾರು 8 ಮೋಲ್ ಶೇಕಡಾ ಯಿಟ್ರಿಯಂ ಆಕ್ಸೈಡ್ ಬೆರೆಸುತ್ತಾರೆ. ಜರ್ಕೋನಿಯಂ ಅಯಾನಿನ ಆವೇಶ +4. ಅದರ ಸ್ಥಾನಕ್ಕೆ ಬಂದು ಕೂರುವ ಯಿಟ್ರಿಯಂನದು +3. ಇಂಥ ಎರಡು ಯಿಟ್ರಿಯಂ ಸೇರಿದರೆ ಎರಡು ಧನಾವೇಶ ಕಡಿಮೆಯಾಯಿತು. ಸ್ಫಟಿಕ ತಟಸ್ಥವಾಗಿಯೇ ಉಳಿಯಬೇಕಷ್ಟೆ. ಆದ್ದರಿಂದ −2 ಆವೇಶದ ಒಂದು ಆಕ್ಸೈಡ್ ಅಯಾನಿನ ಸ್ಥಾನ ಖಾಲಿ ಉಳಿಯುತ್ತದೆ.

ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಕಪ್ಪುಹಲಗೆಯ ಮೇಲೆ ಮಾಡಿಸಿ. 92 ಜರ್ಕೋನಿಯಾ ಘಟಕಗಳಿಗೆ 8 ಯಿಟ್ರಿಯಂ ಆಕ್ಸೈಡ್ ಘಟಕಗಳು. ಲೋಹದ ಅಯಾನುಗಳು 92 + 16 = 108; ಅವಕ್ಕೆ ತಕ್ಕ ಆಕ್ಸೈಡ್ ಸ್ಥಾನಗಳು 216. ಇರುವ ಆಕ್ಸೈಡ್ ಅಯಾನುಗಳು 184 + 24 = 208. ಖಾಲಿ ಸ್ಥಾನಗಳು 8, ಅಂದರೆ ನೂರಕ್ಕೆ ಹೆಚ್ಚುಕಡಿಮೆ ನಾಲ್ಕು.

ಚಲನೆ ತೋರಿಸಲು ಒಂಬತ್ತು ಕುರ್ಚಿ, ಎಂಟು ವಿದ್ಯಾರ್ಥಿಗಳು ಸಾಕು. ಖಾಲಿ ಕುರ್ಚಿಗೆ ಪಕ್ಕದವರು ಮಾತ್ರ ಸರಿಯಬೇಕು. ವಿದ್ಯಾರ್ಥಿಗಳು ಒಂದು ದಿಕ್ಕಿಗೆ ಸರಿದಂತೆ ಖಾಲಿ ಕುರ್ಚಿ ಎದುರು ದಿಕ್ಕಿಗೆ ಸಾಗುತ್ತದೆ. ಆದರೆ ಈ ಆಟ ಒಂದು ಸಂಗತಿಯನ್ನು ಮುಚ್ಚಿಡುತ್ತದೆ: ಆಕ್ಸೈಡ್ ಅಯಾನು ಲೋಹದ ಅಯಾನುಗಳ ನಡುವೆ ನುಸುಳಿಯೇ ಹೋಗಬೇಕು, ಅದಕ್ಕೆ ಶಕ್ತಿ ಬೇಕು. 1890ರ ದಶಕದ ಕೊನೆಯಲ್ಲಿ ವಾಲ್ಟರ್ ನೆರ್ನ್ಸ್ಟ್ ರೂಪಿಸಿದ ದೀಪದಲ್ಲಿ ಇಂಥದೇ ಆಕ್ಸೈಡ್ ಕಡ್ಡಿಯಿತ್ತು. ಮೊದಲು ಕಾಯಿಸದಿದ್ದರೆ ಅದು ಹೊತ್ತಿಕೊಳ್ಳುತ್ತಿರಲಿಲ್ಲ. ಖಾಲಿ ಸ್ಥಾನಗಳ ವಿವರಣೆಯನ್ನು ಕಾರ್ಲ್ ವಾಗ್ನರ್ ಕೊಟ್ಟದ್ದು 1943ರಲ್ಲಿ. ಇಂದು ಕಾರಿನ ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸಂವೇದಕದಲ್ಲೂ ಇದೇ ಜರ್ಕೋನಿಯಾ ಇರುತ್ತದೆ. ಅದೂ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಸರಿಯಾಗಿ ಕೆಲಸ ಮಾಡುವುದು.

ಹಾಗಾದರೆ ಯಿಟ್ರಿಯಂ ಇನ್ನಷ್ಟು ಬೆರೆಸಬಾರದೇಕೆ ಎಂದು ಚುರುಕಾದವರು ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ಪ್ರಶ್ನೆಯನ್ನು ತೇಲಿಸಿಬಿಡಬೇಡಿ. ಸುಮಾರು 8 ಮೋಲ್ ಶೇಕಡಾ ದಾಟಿದರೆ ವಾಹಕತೆ ಇಳಿಯುತ್ತದೆ: ಬೆರಕೆ ಅಯಾನುಗಳೂ ಖಾಲಿ ಸ್ಥಾನಗಳೂ ಪರಸ್ಪರ ಸೆಳೆದುಕೊಂಡು ಗುಂಪುಗೂಡುತ್ತವೆ, ದಾರಿ ಕಟ್ಟುತ್ತದೆ.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ: ಯಿಟ್ರಿಯಂ ಬದಲು +2 ಆವೇಶದ ಕ್ಯಾಲ್ಸಿಯಂ ಬೆರೆಸಿದರೆ, ಒಂದು ಕ್ಯಾಲ್ಸಿಯಂ ಅಯಾನಿಗೆ ಎಷ್ಟು ಖಾಲಿ ಸ್ಥಾನಗಳು?